ಕಾಗದವಿಲ್ಲದ ಗುತ್ತಿಗೆಯ ಬ್ಯಾರನ್ನಿನಲ್ಲಿ ಬಂದವರಿಗೆ ಗಾಯವಾದರೆ ಹೊಣೆ ಯಾರದು?

ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳಲ್ಲಿ ಕೆಲವು ಒಬ್ಬರ ಹೆಸರಿನಲ್ಲಿದ್ದು ಮತ್ತೊಬ್ಬರ ಕೈಯಲ್ಲಿ ನಡೆಯುತ್ತಿರುವುದು ರೈತಬಂಧುಗಳಿಗೆ ಹೊಸ ಸಂಗತಿಯಲ್ಲ. ಯಜಮಾನನು ವಯಸ್ಸಾದವನೋ ಮೈಸೂರಿನಲ್ಲಿ ನೆಲಸಿದವನೋ ಆಗಿರುತ್ತಾನೆ. ನೆರೆಯವನು "ಈ ವರ್ಷ ನಾನೇ ಬೇಯಿಸಿಕೊಳ್ಳುತ್ತೇನೆ" ಎನ್ನುತ್ತಾನೆ. ಬೀಗದ ಕೈ ಕೊಟ್ಟರೆ ಕರಾರು ಮುಗಿಯಿತು. ಹಣದ ಲೆಕ್ಕವನ್ನು ಇಬ್ಬರೂ ಮರೆಯುವುದಿಲ್ಲ. ಅಲ್ಲಿಗೆ ಬಂದ ಮೂರನೆಯವನಿಗೆ ಅಪಾಯವೊದಗಿದರೆ ಗತಿಯೇನೆಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಬ್ಯಾರನ್ನು ನಿರಪಾಯವಾದ ಸ್ಥಳವಲ್ಲ. ಸೊಪ್ಪಿನ ಕೋಲುಗಳನ್ನು ಹೊರುವ ಅಡ್ಡಮರಗಳು ತಲೆಯ ಮೇಲೆ ಅಂತಸ್ತು ಅಂತಸ್ತಾಗಿ ಏರಿರುತ್ತವೆ. ಕಡೆಯ ಹಂತದಲ್ಲಿ ಒಳಗಿನ ಶಾಖವು ೭೦ ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಬರುತ್ತದೆ. ಒಲೆಯ ಬಾಯಿ ಹಗಲಿರುಳೂ ಉರಿಯುತ್ತಿರುತ್ತದೆ. ಸೌದೆ ತಂದವನೂ, ಚಳಿ ಕಾಯಿಸಲು ಬಂದ ನೆರೆಯವನೂ, ಬುತ್ತಿ ತಂದ ಹುಡುಗನೂ ಅಲ್ಲಿಯೇ ಸುಳಿಯುತ್ತಾರೆ. ಗೆದ್ದಲು ತಿಂದ ಅಡ್ಡಮರವೊಂದು ಮುರಿದುಬಿದ್ದು, ಸೌದೆಯ ಹಣ ಕೇಳಲು ಒಳಗೆ ಬಂದವನ ಕಾಲು ಮುರಿಯಿತೆನ್ನೋಣ. ನಡೆಸುವವನು "ಕಟ್ಟಡ ನನ್ನದಲ್ಲ" ಎನ್ನುವನು. ಯಜಮಾನನು "ನಾನು ಆ ಕಡೆ ಕಾಲಿಟ್ಟೇ ಇಲ್ಲ" ಎನ್ನುವನು. "ಗುತ್ತಿಗೆಗೆ ಕಾಗದವೇ ಇಲ್ಲ" ಎಂದು ಇಬ್ಬರೂ ಹೇಳುವರು. ಈ ಕಡೆಯ ಮಾತು ಯಾರನ್ನೂ ಉಳಿಸದು.

ಏಕೆಂದರೆ ಗಾಯಗೊಂಡವನ ಹಕ್ಕು ಗುತ್ತಿಗೆಯ ಕರಾರಿನಿಂದ ಹುಟ್ಟಿದುದಲ್ಲ. ಈ ವಿಷಯಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಶಾಸನವಿಲ್ಲ. ನ್ಯಾಯಾಲಯಗಳು ಇಂಗ್ಲೆಂಡಿನ ರೂಢಿನ್ಯಾಯವನ್ನು ಅನುಸರಿಸುತ್ತ ಬಂದಿವೆ. ಅಲ್ಲಿ ೧೮೬೬ರಲ್ಲಿ ತೀರ್ಮಾನವಾದ ಮೊಕದ್ದಮೆಯೊಂದರಲ್ಲಿ, ಸಕ್ಕರೆ ಶುದ್ಧಿಮಾಡುವ ಕಾರ್ಖಾನೆಗೆ ಗ್ಯಾಸಿನ ಉಪಕರಣವನ್ನು ಪರೀಕ್ಷಿಸಲು ಬಂದವನು ತಡೆಯಿಲ್ಲದ ಕಂಡಿಯೊಂದರಲ್ಲಿ ಬಿದ್ದಿದ್ದನು. ಕೆಲಸದ ನಿಮಿತ್ತ ಬಂದವನನ್ನು, ತಾನು ತಿಳಿದಿದ್ದ ಅಥವಾ ತಿಳಿದಿರಬೇಕಾಗಿದ್ದ ಅಪಾಯದಿಂದ ಕಾಪಾಡಲು ಸ್ಥಳದ ಸ್ವಾಧೀನದಾರನು ತಕ್ಕ ಎಚ್ಚರಿಕೆ ವಹಿಸಬೇಕೆಂದು ತೀರ್ಪಾಯಿತು. ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ ಪತ್ರ ಯಾರ ಹೆಸರಿನಲ್ಲಿದೆಯೆಂಬುದಲ್ಲ, ಬೀಗದ ಕೈ ಯಾರಲ್ಲಿದ್ದಿತು, ಬೆಂಕಿ ಯಾರ ಅಪ್ಪಣೆಯಿಂದ ಉರಿಯುತ್ತಿದ್ದಿತು ಎಂಬುದು.

ಹಾಗೆಂದು ಯಜಮಾನನು ನಿಶ್ಚಿಂತನಾಗಿರಲಾಗದು. ಮರ ಟೊಳ್ಳೆಂದು ತಿಳಿದೂ ಮುಚ್ಚಿಟ್ಟು ಕೊಟ್ಟಿದ್ದರೆ, ದುರಸ್ತಿ ತನ್ನದೆಂದು ಒಪ್ಪಿದ್ದರೆ, ಅವನನ್ನೂ ಪ್ರತಿವಾದಿಯಾಗಿ ಎಳೆಯಲು ಆಸ್ಪದವುಂಟು. ರಸ್ತೆಗೆ ಹೊಂದಿದ ಗೋಡೆಯ ವಿಚಾರ ಇನ್ನೂ ಬಿಗಿ: ದಿಲ್ಲಿಯ ಚಾಂದನಿ ಚೌಕದ ಹಳೆಯ ಗಡಿಯಾರದ ಗೋಪುರ ಕುಸಿದು ಜನ ಸತ್ತ ಮೊಕದ್ದಮೆಯಲ್ಲಿ, ದೋಷ ಕಾಣದಂತಿದ್ದಿತೆಂಬುದು ಒಡೆಯನಿಗೆ ನೆಪವಾಗದೆಂದು ಸುಪ್ರೀಂ ಕೋರ್ಟು ೧೯೬೬ರಲ್ಲಿ ತೀರ್ಮಾನಿಸಿತು.

ಕಾಗದಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಬಾರದು. ೧೮೮೨ರ ಆಸ್ತಿ ಹಸ್ತಾಂತರ ಕಾಯಿದೆಯ ೧೦೭ನೆಯ ಕಲಮಿನಂತೆ, ಒಂದು ವರ್ಷ ಮೀರದ ಕಟ್ಟಡದ ಗುತ್ತಿಗೆಯನ್ನು ಬಾಯಿಮಾತಿನಿಂದ, ಸ್ವಾಧೀನ ಕೊಟ್ಟು, ಮಾಡಬಹುದು. ಮೀರಿದರೆ ರಿಜಿಸ್ಟರಾದ ಪತ್ರ ಬೇಕು. ಹೊಲದ ಮಾತು ಬೇರೆ. ಭೂಸುಧಾರಣಾ ಕಾಯಿದೆಯಂತೆ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದು ೧೯೭೪ರ ಮಾರ್ಚಿಯಿಂದ ಸಾಮಾನ್ಯವಾಗಿ ನಿಷಿದ್ಧ. ಆ ಅಂಜಿಕೆಯಿಂದಲೇ ಹೊಲದೊಡನೆ ಬ್ಯಾರನ್ನನ್ನೂ ಬರೆಯದೆ ಕೊಡುವುದುಂಟು. ಇದರ ನಷ್ಟ ಯಜಮಾನನಿಗೇ ಹೆಚ್ಚು. ಸ್ವಾಧೀನ ಬಿಟ್ಟುಕೊಟ್ಟಿದ್ದೆನೆಂದು ತೋರಿಸಲು ಅವನ ಬಳಿ ಏನೂ ಇರದು. ತಂಬಾಕು ಮಂಡಳಿಯ ಲೈಸೆನ್ಸು, ವಿದ್ಯುತ್ತಿನ ಬಿಲ್ಲು ಅವನ ಹೆಸರನ್ನೇ ಹೇಳುತ್ತವೆ. ಸೌದೆಯ ರಶೀದಿ, ಕೂಲಿಯ ಲೆಕ್ಕ, ನೆರೆಯವರ ಸಾಕ್ಷ್ಯ ಇವುಗಳಿಂದಲೇ ಸತ್ಯವನ್ನು ಹೆಕ್ಕಬೇಕಾಗುತ್ತದೆ.

ನಾನು ವಕೀಲನಲ್ಲ, ಮೊಕದ್ದಮೆ ಬಂದರೆ ವಕೀಲರನ್ನೇ ಕಾಣಬೇಕು. ಕೂಲಿಯಾಳುಗಳ ಪರಿಹಾರಕ್ಕೆ ಬೇರೆ ಕಾಯಿದೆಯಿದೆ. ಬೆಂಕಿ ಹಚ್ಚುವ ಮೊದಲು ಇಬ್ಬರೂ ಕೂಡಿ ಏಣಿ ಹಾಕಿ ಪ್ರತಿಯೊಂದು ಅಡ್ಡಮರವನ್ನೂ ತಟ್ಟಿ ನೋಡುವುದು, ಒಲೆಯ ಮುಂದೆ ಅಡ್ಡಗಟ್ಟೆ ಹಾಕುವುದು, ದುರಸ್ತಿ ಯಾರದೆಂದು ಬರೆದಿಡುವುದು ಯುಕ್ತ. ಆ ಬರಹ ಇವರಿಬ್ಬರೊಳಗೆ ಲೆಕ್ಕ ತೀರಿಸಲು ಬರುವುದೇ ಹೊರತು ಗಾಯಗೊಂಡವನ ಹಕ್ಕನ್ನು ಕಟ್ಟಿಹಾಕದು. ಬ್ಯಾರನ್ನಿಗೆ ಬೆಂಕಿಯ ವಿಮೆ ಮಾಡಿಸಿದವರು, ಅದು ಕಟ್ಟಡಕ್ಕೂ ಸೊಪ್ಪಿಗೂ ಮಾತ್ರವೋ, ಬಂದವರ ಗಾಯಕ್ಕೂ ಅನ್ವಯಿಸುವುದೋ ಎಂದು ಹಣ ಕಟ್ಟುವಾಗಲೇ ವಿಚಾರಿಸಿಕೊಳ್ಳತಕ್ಕದ್ದು.