ಸಣ್ಣ ಊರಿನ ನ್ಯಾಯಕ್ಕೆ ಒಂದು ಹೆಗಲು



ಒಂದು ಜನವಿಭಾಗದ ಮೇಲಿನ ಸಿಟ್ಟು ನಮ್ಮನ್ನು ನ್ಯಾಯದ ದಾರಿಯಿಂದ ಸರಿಸಬಾರದು. ಇದು ಪವಿತ್ರ ಕುರ್‌ಆನಿನ ಅಲ್‌ಮಾಇದಾ ಅಧ್ಯಾಯ ನಮಗೆ ಕಲಿಸುವ ಪಾಠ. ಆದರೆ ನ್ಯಾಯ ಬೇಕೆಂಬ ಮನಸ್ಸಿದ್ದರೆ ಸಾಲದು, ಅದನ್ನು ನಡೆಸುವ ಶಕ್ತಿಯೂ ಬೇಕು. ಅಮೆರಿಕದ ಒಂದು ಕಾನೂನು ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಕೆಲವು ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಿರುವುದರಿಂದಲೂ ನಾವು ಇದನ್ನು ತಿಳಿದಿರಬೇಕು.

1998ರ ಜೂನ್‌ನಲ್ಲಿ ಟೆಕ್ಸಾಸ್ ರಾಜ್ಯದ ಜಾಸ್ಪರ್ ಎಂಬ ಸಣ್ಣ ಊರಿನಲ್ಲಿ ಜೇಮ್ಸ್ ಬರ್ಡ್ ಎಂಬ ಕರಿಯ ವ್ಯಕ್ತಿಯನ್ನು ಮೂವರು ಬಿಳಿಯರು ವಾಹನಕ್ಕೆ ಸರಪಳಿಯಿಂದ ಕಟ್ಟಿ ಎಳೆದು ಕೊಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಯೋಮಿಂಗ್ ರಾಜ್ಯದ ಲಾರಮಿಯಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಿ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಸಾಯುವಂತೆ ಹೊಡೆದರು. ಎರಡೂ ಕಡೆ ಸ್ಥಳೀಯ ಪೊಲೀಸರು ಮತ್ತು ಸರ್ಕಾರಿ ವಕೀಲರೇ ಅಪರಾಧಿಗಳಿಗೆ ಶಿಕ್ಷೆ ಕೊಡಿಸಿದರು. ಆದರೆ ಲಾರಮಿಯ ಶೆರೀಫ್ ಕಚೇರಿಯು ಮೊಕದ್ದಮೆಯ ಖರ್ಚು ತಾಳಲಾರದೆ ತನ್ನ ಐವರು ನೌಕರರನ್ನು ಸಂಬಳವಿಲ್ಲದೆ ಮನೆಗೆ ಕಳುಹಿಸಬೇಕಾಯಿತು.

1968ರ ಹಳೆಯ ಕಾನೂನಿನಲ್ಲಿ ಕೇಂದ್ರ ಸರ್ಕಾರಕ್ಕೆ ಅವಕಾಶ ಕಡಿಮೆಯಿತ್ತು. ಮತ ಹಾಕುವಾಗ, ಸರ್ಕಾರಿ ಶಾಲೆಗೆ ಹೋಗುವಾಗ, ಇಂಥ ಕೆಲವೇ ಸಂದರ್ಭಗಳಲ್ಲಿ ದಾಳಿಯಾದರೆ ಮಾತ್ರ ಅದು ಕೈಹಾಕಬಹುದಿತ್ತು. 2009ರ ಅಕ್ಟೋಬರ್ 28ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ, ಶೆಪರ್ಡ್ ಮತ್ತು ಬರ್ಡ್ ಇಬ್ಬರ ಹೆಸರನ್ನೂ ಹೊತ್ತ ಕಾನೂನು ಈ ಕಟ್ಟನ್ನು ಸಡಿಲಿಸಿತು.

ಅದು ಮಾಡುವ ಕೆಲಸ ಮುಖ್ಯವಾಗಿ ಎರಡು. ಒಂದು, ಸ್ಥಳೀಯರು ಕೇಳಿದರೆ ತನಿಖೆಗೆ, ವಿಧಿವಿಜ್ಞಾನ ಪರೀಕ್ಷೆಗೆ, ಮೊಕದ್ದಮೆಗೆ ನೆರವು. ಖರ್ಚಿಗೆ ಒಂದು ಸ್ಥಳೀಯಾಡಳಿತಕ್ಕೆ ವರ್ಷಕ್ಕೆ ಗರಿಷ್ಠ 1 ಲಕ್ಷ ಡಾಲರ್ ಅನುದಾನ. ಎರಡು, ರಾಜ್ಯವೇ ಕೋರಿದಾಗ ಅಥವಾ ರಾಜ್ಯದಲ್ಲಿ ನ್ಯಾಯ ಪೂರ್ತಿ ಸಿಗದಿದ್ದಾಗ ಕೇಂದ್ರವೇ ಮೊಕದ್ದಮೆ ಹೂಡಬಹುದು. ಶಿಕ್ಷೆ 10 ವರ್ಷದವರೆಗೆ. ಸಾವು ಸಂಭವಿಸಿದರೆ ಜೀವಾವಧಿಯವರೆಗೆ.

2017ರ ಫೆಬ್ರವರಿಯಲ್ಲಿ ಕಾನ್ಸಾಸ್ ರಾಜ್ಯದಲ್ಲಿ ಹೈದರಾಬಾದಿನ ಇಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು ಒಬ್ಬ ಗುಂಡಿಟ್ಟು ಕೊಂದ. ಅವರನ್ನೂ ಅವರ ಗೆಳೆಯರನ್ನೂ ಅವನು ಇರಾನಿಗಳೆಂದು ತಿಳಿದಿದ್ದ. ರಾಜ್ಯದ ನ್ಯಾಯಾಲಯ ಕೊಲೆಗಾಗಿ, ಕೇಂದ್ರದ ನ್ಯಾಯಾಲಯ ದ್ವೇಷಾಪರಾಧಕ್ಕಾಗಿ, ಎರಡೂ 2018ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿದವು. ದ್ವೇಷ ಹೆಸರು, ಧರ್ಮ ವಿಚಾರಿಸಿಕೊಂಡು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಕಾನೂನಿನಿಂದ ಧರ್ಮಬೋಧನೆಗೇ ಅಡ್ಡಿಯಾದೀತೆಂದು ಅಲ್ಲಿನ ಕೆಲವು ಪಾದ್ರಿಗಳು ಅಂಜಿದ್ದರು. ಆದರೆ ಅದು ಶಿಕ್ಷಿಸುವುದು ದಾಳಿಯನ್ನು, ನಂಬಿಕೆಯನ್ನಲ್ಲ, ಮಾತನ್ನಲ್ಲ. ಧರ್ಮ, ಬಣ್ಣ, ಮೂಲದೇಶದ ಜೊತೆಗೆ ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯವನ್ನೂ ಅದು ಸೇರಿಸುತ್ತದೆ. ಇಲ್ಲಿ ನಮ್ಮಲ್ಲಿ ಕೆಲವರಿಗೆ ಮನಸ್ಸು ತಡೆಯಬಹುದು. ಒಬ್ಬನ ನಡತೆಯನ್ನು ನಾವು ಒಪ್ಪದಿರಬಹುದು, ಆದರೆ ಅವನ ರಕ್ತ ಅಗ್ಗವಾಗುವುದಿಲ್ಲ. ನಮಗೆ ಬೇಕಾದವರಿಗಷ್ಟೇ ನ್ಯಾಯ ಕೇಳಿದರೆ ಅದು ನ್ಯಾಯವಲ್ಲ, ಪಕ್ಷಪಾತ.

ದ್ವೇಷದ ಏಟು ಬೀಳುವುದು ಒಬ್ಬನ ಮೇಲೆ, ನಡುಗುವುದು ಇಡೀ ಕೇರಿ. ಎಷ್ಟೇ ಒಳ್ಳೆಯ ಕಾನೂನಿದ್ದರೂ ದೂರು ಕೊಡುವವರು, ಕಂಡದ್ದನ್ನು ಅಂಜದೆ ಹೇಳುವವರು ಇಲ್ಲದಿದ್ದರೆ ಅದು ಬರೀ ಕಾಗದ. ದೂರದಲ್ಲಿರುವ ಮಕ್ಕಳಿಗೆ ಫೋನಿನಲ್ಲಿ ಇದನ್ನು ಹೇಳಿ. ಏಟು ತಿಂದವನು ಯಾರೇ ಆಗಿರಲಿ, ನಾವೂ ಸಾಕ್ಷಿಗೆ ನಿಲ್ಲೋಣ. ಅಲ್ಲಾಹನು ನಮಗೆ ಆ ಧೈರ್ಯ ದಯಪಾಲಿಸಲಿ. ಆಮೀನ್.