ಗಣಕಯಂತ್ರ ನೆರವಿನ ಯಂತ್ರಗಾರಿಕೆಯಲ್ಲಿ ಕಡಿತದ ಆಳವನ್ನು ನಿಗದಿಪಡಿಸುವ ವಿಧಾನ

ಪೀಠಿಕೆ

ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರವು ಕ್ಯಾಮ್ ತಂತ್ರಾಂಶವು ಸಿದ್ಧಪಡಿಸಿದ ಆದೇಶಗಳನ್ನು ಯಥಾವತ್ತಾಗಿ ಪಾಲಿಸುತ್ತದೆ. ಆಳದ ಅಂಕಿಯಲ್ಲಿ ದೋಷವಿದ್ದರೆ ಉಪಕರಣ ಮುರಿಯುವುದು, ಜಾಬ್ ಹಾಳಾಗುವುದು ಅಥವಾ ಸ್ಪಿಂಡಲ್‌ಗೆ ಪೆಟ್ಟಾಗುವುದು ಸಂಭವನೀಯ. ಒಮ್ಮೆ ಹೆಚ್ಚಾಗಿ ಕಡಿದ ಲೋಹವನ್ನು ಮರಳಿ ಸೇರಿಸಲಾಗದು. ಆದುದರಿಂದ ಐ.ಟಿ.ಐ. ಹಾಗೂ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಸಣ್ಣ ಕೈಗಾರಿಕೆಗಳ ಕುಶಲಕರ್ಮಿಗಳು ಈ ವಿಷಯವನ್ನು ಸ್ಪಷ್ಟವಾಗಿ ಅರಿತಿರುವುದು ಅವಶ್ಯಕ.

ಆಳಕ್ಕೆ ಸಂಬಂಧಿಸಿದ ಅಂಕಿಗಳು

1. ಆರಂಭಿಕ ಆಳ: ಕಡಿತವು ಪ್ರಾರಂಭವಾಗುವ ಮಟ್ಟ. ಸಾಮಾನ್ಯವಾಗಿ ಇದು ಕಚ್ಚಾ ತುಂಡಿನ ಮೇಲ್ಮೈ.
2. ಅಂತಿಮ ಆಳ: ಕಡಿತವು ಮುಗಿಯಬೇಕಾದ ಮಟ್ಟ.
3. ಸ್ಟೆಪ್ ಡೌನ್: ಪ್ರತಿ ಸುತ್ತಿನಲ್ಲಿ ಉಪಕರಣವು ಕೆಳಗಿಳಿಯುವ ಗರಿಷ್ಠ ಪ್ರಮಾಣ.
4. ಫಿನಿಶಿಂಗ್ ಉಳಿಕೆ: ಕೊನೆಯ ನಯಗೊಳಿಸುವ ಸುತ್ತಿಗಾಗಿ ಬಿಡುವ ತೆಳುವಾದ ಪದರ.
5. ಸುರಕ್ಷಿತ ಎತ್ತರ: ಉಪಕರಣವು ಒಂದೆಡೆಯಿಂದ ಮತ್ತೊಂದೆಡೆಗೆ ವೇಗವಾಗಿ ಚಲಿಸುವ ಮಟ್ಟ. ಇದು ಕ್ಲಾಂಪ್‌ಗಳಿಗಿಂತ ಮೇಲಿರತಕ್ಕದ್ದು.

ಉದಾಹರಣೆ

ಅಲ್ಯೂಮಿನಿಯಂ ತುಂಡಿನಲ್ಲಿ 10 ಮಿ.ಮೀ. ವ್ಯಾಸದ ಕಾರ್ಬೈಡ್ ಎಂಡ್ ಮಿಲ್‌ನಿಂದ 16 ಮಿ.ಮೀ. ಆಳದ ಪಾಕೆಟ್ ತೆಗೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ತಳದಲ್ಲಿ 0.3 ಮಿ.ಮೀ. ಉಳಿಕೆ ಬಿಟ್ಟರೆ ಒರಟು ಕಡಿತಕ್ಕೆ 15.7 ಮಿ.ಮೀ. ದೊರೆಯುತ್ತದೆ. ಸ್ಟೆಪ್ ಡೌನ್ ಅನ್ನು ವ್ಯಾಸದ ಅರ್ಧದಷ್ಟು, ಅಂದರೆ 5 ಮಿ.ಮೀ. ಎಂದು ನೀಡಿದಲ್ಲಿ ನಾಲ್ಕು ಸುತ್ತುಗಳು ಬೇಕಾಗುತ್ತವೆ: ಮೂರು ಸುತ್ತುಗಳು ತಲಾ 5 ಮಿ.ಮೀ., ಕೊನೆಯದು ಕೇವಲ 0.7 ಮಿ.ಮೀ. ಸಮಾನ ಹಂಚಿಕೆಯ ಆಯ್ಕೆಯನ್ನು ಗುರುತಿಸಿದರೆ ಪ್ರತಿ ಸುತ್ತೂ 3.925 ಮಿ.ಮೀ. ಆಗುತ್ತದೆ. ಸುತ್ತುಗಳ ಸಂಖ್ಯೆ ಅಷ್ಟೇ ಇದ್ದರೂ ಉಪಕರಣದ ಮೇಲಿನ ಹೊರೆ ಕಡಿಮೆಯಾಗಿ ಏಕರೂಪವಾಗಿರುತ್ತದೆ.

ಸ್ಟೆಪ್ ಡೌನ್ ನಿರ್ಧರಿಸುವ ಅಂಶಗಳು

ಲೋಹದ ಗಡಸುತನ, ಯಂತ್ರದ ಶಕ್ತಿ, ಜಾಬ್ ಹಿಡಿತದ ಬಿಗಿ ಮತ್ತು ಉಪಕರಣದ ಚಾಚು ಇವುಗಳಲ್ಲಿ ಪ್ರಮುಖವಾದವು. ಚಾಚು ಎಂದರೆ ಹೋಲ್ಡರ್‌ನಿಂದ ಹೊರಗಿರುವ ಉಪಕರಣದ ಉದ್ದ. ಬಲವು ಒಂದೇ ಆಗಿದ್ದರೂ ಚಾಚು ಇಮ್ಮಡಿಯಾದರೆ ಬಾಗುವಿಕೆ ಸುಮಾರು ಎಂಟು ಪಟ್ಟಾಗುತ್ತದೆ. ಆದ್ದರಿಂದ ಆಳವಾದ ಪಾಕೆಟ್‌ಗಳಲ್ಲಿ ಕಂಪನವೂ, ಗೋಡೆಯ ಓರೆಯೂ ಕಂಡುಬರುತ್ತವೆ. ಉಕ್ಕಿನಲ್ಲಿ ಪೂರ್ಣ ಅಗಲದ ಗಾಡಿ ಕಡಿಯುವಾಗ ಅಲ್ಯೂಮಿನಿಯಂಗಿಂತ ಕಡಿಮೆ ಆಳವನ್ನು ನೀಡುವುದು ಸೂಕ್ತ.

ಆಳ ಮತ್ತು ಅಗಲಗಳನ್ನು ಒಟ್ಟಾಗಿಯೇ ಪರಿಗಣಿಸಬೇಕು. ಅಡಾಪ್ಟಿವ್ ವಿಧಾನದಲ್ಲಿ ಅಗಲವನ್ನು ವ್ಯಾಸದ ಸಣ್ಣ ಅಂಶಕ್ಕೆ ಸೀಮಿತಗೊಳಿಸಿ ಆಳವನ್ನು ಹೆಚ್ಚಿಸಲಾಗುತ್ತದೆ. ಇದರಿಂದ ಸವೆತವು ತುದಿಯಲ್ಲಷ್ಟೇ ಕೇಂದ್ರೀಕೃತವಾಗದೆ ಹಲ್ಲಿನ ಉದ್ದಕ್ಕೂ ಹಂಚಿಹೋಗುತ್ತದೆ. ಒಂದು ಸುತ್ತಿನ ಆಳವು ಹಲ್ಲಿನ ಉದ್ದವನ್ನು ಯಾವ ಸಂದರ್ಭದಲ್ಲಿಯೂ ಮೀರಬಾರದು.

ಸಾಮಾನ್ಯವಾಗಿ ಕಂಡುಬರುವ ದೋಷಗಳು

• ಶೂನ್ಯ ಬಿಂದುವಿನ ವ್ಯತ್ಯಾಸ: ತಂತ್ರಾಂಶದಲ್ಲಿ ಝಡ್ ಶೂನ್ಯವನ್ನು ತುಂಡಿನ ಮೇಲ್ಮೈಯಲ್ಲಿಟ್ಟು ಯಂತ್ರದಲ್ಲಿ ಟೇಬಲ್ ಮೇಲೆ ಹೊಂದಿಸಿದರೆ, ಮೈನಸ್ 16ರ ಆದೇಶವು ಉಪಕರಣವನ್ನು ಟೇಬಲ್‌ಗೆ ನುಗ್ಗಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಹೊಂದಿಸಿದರೆ ಉಪಕರಣವು ಗಾಳಿಯಲ್ಲಿಯೇ ಸುತ್ತುತ್ತದೆ.
• ಕಚ್ಚಾ ತುಂಡಿನ ತಪ್ಪು ಅಳತೆ: ಮಾದರಿಯ ಎತ್ತರ 50 ಮಿ.ಮೀ., ನಿಜವಾದ ತುಂಡು 52 ಮಿ.ಮೀ. ಇದ್ದು, ಶೂನ್ಯವನ್ನು ಮಾದರಿಯ ಮೇಲ್ಮೈಗೆ ಹೊಂದಿಸಿದ್ದರೆ, ಮೊದಲ ಸುತ್ತು ಲೆಕ್ಕಕ್ಕಿಂತ 2 ಮಿ.ಮೀ. ಹೆಚ್ಚು ಆಳಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 3.925ರ ಬದಲು 5.925 ಮಿ.ಮೀ. ಆಗುತ್ತದೆ.
• ನೇರ ಇಳಿತ: ಕೇಂದ್ರದವರೆಗೆ ಹಲ್ಲು ಇಲ್ಲದ ಎಂಡ್ ಮಿಲ್ ಅನ್ನು ನೇರವಾಗಿ ಇಳಿಸದೆ, ಇಳಿಜಾರು ಅಥವಾ ಸುರುಳಿ ಪಥವನ್ನು ಆಯ್ಕೆ ಮಾಡತಕ್ಕದ್ದು.
• ಆರಪಾರು ರಂಧ್ರ: 118 ಡಿಗ್ರಿ ತುದಿಯ 10 ಮಿ.ಮೀ. ಡ್ರಿಲ್‌ನ ಮೊನೆಯೇ ಸುಮಾರು 3 ಮಿ.ಮೀ. ಇರುತ್ತದೆ. ತುಂಡಿನ ದಪ್ಪಕ್ಕೆ ಇದನ್ನು ಕೂಡಿಸದಿದ್ದರೆ ರಂಧ್ರವು ಪೂರ್ಣವಾಗದು.

ಕಾರ್ಯಾರಂಭಕ್ಕೆ ಮುನ್ನ

ಹೋಲ್ಡರ್ ಮತ್ತು ಕ್ಲಾಂಪ್‌ಗಳನ್ನು ಸೇರಿಸಿ ಸಿಮ್ಯುಲೇಶನ್ ನೋಡತಕ್ಕದ್ದು. ಕಾರ್ಯಕ್ರಮದಲ್ಲಿನ ಅತ್ಯಂತ ಕೆಳಗಿನ ಝಡ್ ಅಂಕಿಯನ್ನು ನಕ್ಷೆಯೊಂದಿಗೆ ತಾಳೆ ನೋಡತಕ್ಕದ್ದು. ಉಪಕರಣದ ಉದ್ದದ ಆಫ್‌ಸೆಟ್ ಸಂಖ್ಯೆಯನ್ನು ದೃಢಪಡಿಸಿಕೊಂಡು, ಮೊದಲ ಜಾಬ್ ಅನ್ನು ಸಿಂಗಲ್ ಬ್ಲಾಕ್ ವಿಧಾನದಲ್ಲಿ, ಕಡಿಮೆ ವೇಗದಲ್ಲಿ ನಡೆಸಬೇಕು. ಫಿನಿಶಿಂಗ್‌ಗೆ ಮುನ್ನ ಯಂತ್ರವನ್ನು ನಿಲ್ಲಿಸಿ ಡೆಪ್ತ್ ಗೇಜ್‌ನಿಂದ ಅಳೆದರೆ, ಉಳಿದಿರುವ 0.3 ಮಿ.ಮೀ. ಒಳಗೆ ವ್ಯತ್ಯಾಸವನ್ನು ಸರಿಪಡಿಸಲು ಅವಕಾಶವಿರುತ್ತದೆ.

ರಾಜ್ಯದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಸಿ.ಎನ್.ಸಿ. ಯಂತ್ರಗಾರಿಕೆಯ ತರಬೇತಿಯನ್ನು ನೀಡಲಾಗುತ್ತದೆ. ಆಸಕ್ತರು ಸಮೀಪದ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.