ಘಟ್ಟದ ಮೇಲಿನ ಗಾಡಿ, ತುಕ್ಕೇ ಇಲ್ಲ!

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಮಾಡುವ ಕೆಲಸ ಒಂದೇ. ಬಗ್ಗಿ, ಬಾಗಿಲಿನ ಕೆಳ ಅಂಚಿಗೆ ಬೆರಳು ಆಡಿಸುವುದು. ತುಕ್ಕಿನ ಪುಡಿ ಕೈಗೆ ಬಂದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಉಳ್ಳಾಲ, ಸುರತ್ಕಲ್, ಮಲ್ಪೆ ಬದಿಯ ಉಪ್ಪು ಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ "ಘಟ್ಟದ ಮೇಲಿನ ಗಾಡಿ" ಎಂಬ ಒಂದು ಮಾತಿಗೆ ನಾವು ಕರಗಿಬಿಡುತ್ತೇವೆ. ನಾನೂ ಕರಗಿದೆ.

ಎರಡು ವರ್ಷದ ಹಿಂದಿನ ಮಾತು. ಉಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆಟೋ ಹಿಡಿದು, ಬಸ್ಸು ಹತ್ತಿ, ಮತ್ತೆ ಆಟೋ ಹಿಡಿಯುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಜುಬೈಲ್‌ನಲ್ಲಿರುವ ತಮ್ಮ ಉಳಿತಾಯದ ಹಣದಲ್ಲಿ ಮೂರು ಲಕ್ಷದ ನಲವತ್ತು ಸಾವಿರ ಕಳಿಸಿದ. ಬಡ್ಡಿಯ ಸಾಲ ಬೇಡ ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ನಮ್ಮಲ್ಲಿ ಅನೇಕ ಮನೆಗಳದ್ದು ಇದೇ ಕ್ರಮ: ನಗದು ಕೊಟ್ಟು ಹಳೆಯ ಕಾರು ತರುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ, ಆಮೇಲೆ ಹೊಳೆಯಿತು. ಸಾಲ ಕೊಡುವ ಬ್ಯಾಂಕು ತನ್ನ ಹಣದ ಹೆದರಿಕೆಗಾದರೂ ಗಾಡಿಯ ಬೆಲೆ, ದಾಖಲೆ ನೋಡಲು ಒಬ್ಬನನ್ನು ಕಳಿಸುತ್ತದೆ. ನಗದು ಕೊಡುವವನಿಗೆ ಆ ಎರಡನೇ ಜೋಡಿ ಕಣ್ಣಿಲ್ಲ.

ಕಾರು ಬೆಳಗಾವಿ ನಂಬರಿನದು, ಸಣ್ಣ ಡೀಸೆಲ್ ಗಾಡಿ, ಬಿಳಿ ಬಣ್ಣ. ಬಾಗಿಲ ಅಡಿ ಬೆರಳಾಡಿಸಿದೆ, ತುಕ್ಕಿಲ್ಲ. ಒಳಗೆ ಹೊಸ ಕಾರ್ಪೆಟ್, ಹೊಸ ಸೀಟ್ ಕವರ್, ಮಲ್ಲಿಗೆಯ ಸೆಂಟು. ಮಾರಿದವರು "ಒಣ ಊರಿನ ಗಾಡಿ ಕಾಕಾ, ನಿಮ್ಮ ಮಕ್ಕಳ ಕಾಲಕ್ಕೂ ಬಾಡಿ ಹೀಗೇ ಇರ್ತದೆ" ಎಂದರು. ಬಾಡಿ ಬಗ್ಗೆ ಅವರು ಸುಳ್ಳು ಹೇಳಿರಲಿಲ್ಲ.

ಒಂದು ವರ್ಷ ಓಡಿತು. ಮಧ್ಯೆ ಒಮ್ಮೆ ಹಾರ್ನ್ ಕೆಟ್ಟಿತು, ಇನ್ನೊಮ್ಮೆ ಹಿಂದಿನ ಬಾಗಿಲ ಗಾಜು ಇಳಿದದ್ದು ಏರಲಿಲ್ಲ. ಹಳೆ ಕಾರಲ್ಲವಾ ಎಂದುಕೊಂಡೆವು.

ಅಕ್ಕನ ಮನೆ ಗೋಕಾಕದಲ್ಲಿ. ಭಾವನಿಗೆ ಅಲ್ಲಿ ಬೇಕರಿ. ಅಕ್ಕನ ಮಗಳಿಗೆ ಹೆರಿಗೆಯಾದಾಗ ಮಗು ನೋಡಲೇಬೇಕು ಎಂದು ಉಮ್ಮ ಹಟ ಹಿಡಿದರು. ಡಾಕ್ಟರರನ್ನು ಕೇಳಿ, ಒಂದು ಶುಕ್ರವಾರ ಜುಮಾ ಮುಗಿಸಿ ಊಟ ಮಾಡಿ ಹೊರಟೆವು. ನಾನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಕುಂದಾಪುರ, ಭಟ್ಕಳ, ಕುಮಟಾ ದಾಟಿ ಅಂಕೋಲಾದಲ್ಲಿ ಬಲಕ್ಕೆ ತಿರುಗುವಾಗ ಮಗ್ರಿಬ್ ಸಮಯ. ಅರಬೈಲ್ ಘಟ್ಟದ ನಡುವೆ ಒಂದು ತಿರುವಿನಲ್ಲಿ ಎರಡೂ ಹೆಡ್‌ಲೈಟ್ ಒಟ್ಟಿಗೇ ಆರಿದವು.

ಘಟ್ಟದ ಕತ್ತಲೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂದೆ ಉಮ್ಮ, ನನ್ನ ಹೆಂಡತಿ, ಆರು ವರ್ಷದ ಮಗಳು. ಮುಂದಿನಿಂದ ಇಳಿಯುವ ಲಾರಿಗಳು. ಬ್ರೇಕು ಹಿಡಿದು ಎಡಕ್ಕೆ ಸರಿಸಿ ನಿಲ್ಲಿಸಿದೆ. ಉಮ್ಮ ಏನೂ ಕೇಳಲಿಲ್ಲ, ತಸ್ಬೀಹ್ ಓಡಿಸುವ ಸದ್ದು ಮಾತ್ರ ಕೇಳಿಸುತ್ತಿತ್ತು. ಮಲ್ಪೆಯಿಂದ ಬೆಳಗಾವಿಗೆ ಹೊರಟಿದ್ದ ಮೀನಿನ ಲಾರಿಯೊಂದು ನಿಂತಿತು. ಆ ಡ್ರೈವರ್ ಫ್ಯೂಸ್ ಬದಲಿಸಿ ನೋಡಿದರು, ವಯರು ಅಲ್ಲಾಡಿಸಿದರು, ಒಂದು ಬದಿ ಮಾತ್ರ ಉರಿಯಿತು. ಯಲ್ಲಾಪುರದವರೆಗೆ ಅವರ ಹಿಂದೆಯೇ ನಿಧಾನಕ್ಕೆ ಹೋದೆವು. ಹುಬ್ಬಳ್ಳಿ, ಧಾರವಾಡ, ಯರಗಟ್ಟಿ ದಾಟಿ ಗೋಕಾಕ ಮುಟ್ಟುವಾಗ ರಾತ್ರಿ ಎರಡು ಗಂಟೆ.

ಭಾನುವಾರ ಭಾವ ನನ್ನನ್ನು ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಂದು ರಿಪೇರಿಗಿಂತ ಹರಟೆಯೇ ಹೆಚ್ಚು ನಡೆಯುವ ಜಾಗ ಅದು. ಗಾಡಿ ಹುಚ್ಚಿನವರೆಲ್ಲ ತಮ್ಮ ತಮ್ಮ ವಾಹನ ತೊಳೆದು ತಂದು ಬೇವಿನ ಮರದಡಿ ನಿಲ್ಲಿಸಿದ್ದರು. ಮೂಡಲಗಿಯಿಂದ ಬಂದ ಒಂದು ಹಳೆಯ ಜೀಪು, ಹುಕ್ಕೇರಿ ಕಡೆಯ ಬೊಲೆರೊ, ಇನ್ನೂ ಮೊದಲಿನ ಬಣ್ಣ ಉಳಿಸಿಕೊಂಡ ಒಂದು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಆ ಸಣ್ಣ ಗಾಡಿಗೆ ಅಲ್ಲಿದ್ದ ಮರ್ಯಾದೆ ನೋಡಬೇಕು, ಹೊಸ ಎಸ್‌ಯುವಿ ತಂದವನ ಸುತ್ತ ಅಷ್ಟು ಜನ ಇರಲಿಲ್ಲ. ನಮ್ಮ ಊರುಗಳಲ್ಲಿ ಓಮ್ನಿ ಹೇಗೋ, ಅಲ್ಲಿ ಬೊಲೆರೊ ಹಾಗೆ: ಹೊಲಕ್ಕೂ ಅದೇ, ಮದುವೆಗೂ ಅದೇ.

ಮೇಸ್ತ್ರಿ ನನ್ನ ಕಾರಿನ ಬಾನೆಟ್ ತೆರೆಯಲೇ ಇಲ್ಲ. ಡ್ರೈವರ್ ಸೀಟಿನ ಪಕ್ಕ ಕೂತು ಸೀಟ್ ಬೆಲ್ಟನ್ನು ಕೊನೆಯವರೆಗೆ ಜಗ್ಗಿದರು. ದಿನಾ ನಾವು ಎಳೆಯುವುದು ಒಂದೂವರೆ ಮೊಳ. ಅದರಾಚೆಗಿನ ಭಾಗದಲ್ಲಿ ಒಂದು ಗೆರೆ, ಕಪ್ಪು ಕೆಸರಿನ ಕಲೆ.

"ಅಣ್ಣಾರ, ಇದು ಹೊಳೀ ನೀರ್ ಕುಡದೈತಿ ನೋಡ್ರಿ."

ನನಗೆ ನಂಬಿಕೆ ಬರಲಿಲ್ಲ. ಅವರು ಹಿಂದೆ ಹೋಗಿ ಸ್ಟೆಪ್ನಿ ಎತ್ತಿದರು. ಗುಂಡಿಯ ಮೂಲೆಯಲ್ಲಿ ಒಣಗಿದ ಮಣ್ಣು. ಉಗುರಿನಿಂದ ಕೆರೆದು ನನ್ನ ಅಂಗೈ ಮೇಲೆ ಹಾಕಿ, "ನಿಮ್ಮ ಕಡೆ ಮಣ್ಣು ಕೆಂಪು ಅಲ್ರಿ? ಇದು ಎರಿಮಣ್ಣು" ಅಂದರು. ಪಕ್ಕದಲ್ಲಿದ್ದವರೊಬ್ಬರು ನಕ್ಕು, "ತವರಿಗೆ ಬಂದೈತಿ ಬಿಡ್ರಿ" ಅಂದರು. ನನಗೆ ನಗು ಬರಲಿಲ್ಲ.

ಆಮೇಲಿನ ಒಂದು ಗಂಟೆ ನನಗೆ ಪಾಠ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು, ಅದರ ಮೇಲೆ ಸ್ಪ್ಯಾನರ್ ಹಾಕಿದ ಗುರುತು. ಎಂದರೆ ಸೀಟು ಬಿಚ್ಚಿ ಕಾರ್ಪೆಟ್ ಬದಲಿಸಿದ್ದಾರೆ. ಡ್ಯಾಶ್‌ಬೋರ್ಡಿನ ಅಡಿ ಕೈ ಹಾಕಿ ಒಂದು ವಯರಿನ ಜೋಡಣೆ ಬಿಚ್ಚಿ ತೋರಿಸಿದರು. ತಾಮ್ರ ಹಸಿರಾಗಿತ್ತು. ಹೆಡ್‌ಲೈಟ್ ಆರಿದ್ದು, ಹಾರ್ನ್ ಕೆಟ್ಟದ್ದು, ಗಾಜು ನಿಂತದ್ದು ಎಲ್ಲಕ್ಕೂ ಮೂಲ ಆ ಹಸಿರು. ನೀರು ಒಣಗುತ್ತದೆ, ಜೋಡಣೆಯೊಳಗೆ ಕೂತ ಕೆಸರು ಮತ್ತು ತೇವ ತಿಂಗಳುಗಟ್ಟಲೆ ತಾಮ್ರ ತಿನ್ನುತ್ತಲೇ ಇರುತ್ತದೆ. ಹಾಗಾಗಿ ನೆರೆಯಲ್ಲಿ ಮುಳುಗಿದ ಗಾಡಿ ಮಾರುವ ದಿನ ಚೆನ್ನಾಗಿಯೇ ಓಡುತ್ತದೆ. ಹೊಸ ಗಾಡಿಗಳಲ್ಲಿ ಇಂಜಿನ್, ಬ್ರೇಕ್, ಏರ್‌ಬ್ಯಾಗ್ ಪ್ರತಿಯೊಂದಕ್ಕೂ ಒಂದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೆಲವು ಸೀಟಿನಡಿಯಲ್ಲೇ. ಹಳೆಯ ಜೀಪಿನವರು ಅಷ್ಟು ನಿಶ್ಚಿಂತೆಯಿಂದ ಕೂತಿದ್ದು ಅದಕ್ಕೇ. ಅದರಲ್ಲಿ ಕೆಡಲು ಪೆಟ್ಟಿಗೆಯೇ ಇಲ್ಲ.

ಆ ಊರಿನವರಿಗೆ ಈ ವಿದ್ಯೆ ಸುಮ್ಮನೆ ಬಂದದ್ದಲ್ಲ. 2019ರ ಆಗಸ್ಟಿನಲ್ಲಿ ಹಿಡಕಲ್ ಡ್ಯಾಂ ತುಂಬಿ ಘಟಪ್ರಭಾ ಉಕ್ಕಿದಾಗ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿ ಗೋಕಾಕದ ತಗ್ಗು ಪ್ರದೇಶಗಳು ಮುಳುಗಿದವು. ಲೋಳಸೂರ ಸೇತುವೆ ನೀರಿನಡಿಗೆ ಹೋಯಿತು. ಅದೇ ವಾರ ಆಚೆ ಕೊಲ್ಹಾಪುರ, ಸಾಂಗ್ಲಿಯೂ ಮುಳುಗಿದ್ದವು. ಎಷ್ಟೋ ವಾಹನಗಳು ನಿಂತಲ್ಲೇ ನೀರು ಕುಡಿದವು.

ಬೊಲೆರೊ ತಂದಿದ್ದ ಹಿರಿಯರು ಆ ರಾತ್ರಿಯನ್ನು ನೆನೆಸಿಕೊಂಡರು. ಅವರ ಮನೆ ಮುಂದೆ ನೀರು ಬಾನೆಟ್ ಮುಟ್ಟಿತ್ತು. ಇಳಿದ ಮೇಲೆ ಅವರು ಚಾವಿ ತಿರುಗಿಸಲಿಲ್ಲ. ಬ್ಯಾಟರಿ ವಯರು ಬಿಚ್ಚಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಇಂಜಿನ್ ಆಯಿಲ್ ತೆಗೆದಾಗ ಹಾಲು ಹಾಕಿದ ಚಹಾದ ಬಣ್ಣ. ಆಯಿಲ್, ಫಿಲ್ಟರ್, ಗೇರ್ ಆಯಿಲ್ ಎಲ್ಲ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಇವತ್ತಿಗೂ ಓಡುತ್ತಿದೆ. ಪಕ್ಕದ ಮನೆಯವರು ಅವಸರಪಟ್ಟು ಚಾವಿ ತಿರುಗಿಸಿದರು. ಇಂಜಿನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಕ್ಲೇಮ್ ಬಂದಾಗ ವಿಮೆಯವರು, ಇದು ನೆರೆಯಿಂದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಎನ್ನುವುದೇ ಹೆಚ್ಚು. ಇಂಜಿನ್ ಪ್ರೊಟೆಕ್ಷನ್ ಎಂದು ಬೇರೆಯೇ ಕಂತು ಕಟ್ಟಿದ್ದರೆ ಮಾತು ಬೇರೆ. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯ ನೀರಿಗೆ ಗಾಡಿ ಇಳಿಸುವವರು, ಪಾಣೆಮಂಗಳೂರು, ಬಂಟ್ವಾಳದಲ್ಲಿ ನೇತ್ರಾವತಿಯ ಪಕ್ಕ ಗಾಡಿ ನಿಲ್ಲಿಸುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ನಿಂತ ಗಾಡಿಯನ್ನು ಎಳೆಸಿ, ಸ್ಟಾರ್ಟ್ ಮಾಡಬೇಡಿ.

ಮುಳುಗಿದ ಕಾರುಗಳು ಮತ್ತೆ ಮಾರುಕಟ್ಟೆಗೆ ಬರುವುದು ಹೇಗೆ? ರಿಪೇರಿ ಖರ್ಚು ವಿಮೆಯ ಮೌಲ್ಯದ ಶೇ. 75ನ್ನು ಮೀರಿದರೆ ಅದನ್ನು ಪೂರ್ತಿ ನಷ್ಟ ಎಂದು ಲೆಕ್ಕ ಹಾಕಿ ಮಾಲೀಕರಿಗೆ ಹಣ ಕೊಟ್ಟುಬಿಡುತ್ತಾರೆ. ಗಾಡಿ ಗುಜರಿ ಲೆಕ್ಕದಲ್ಲಿ ಹರಾಜಾಗುತ್ತದೆ. ಅದನ್ನು ಕೊಂಡವರು ಬಿಡಿಭಾಗಕ್ಕೆ ಬಳಸಿದರೆ ತೊಂದರೆಯಿಲ್ಲ. ತೊಳೆದು, ಸೆಂಟು ಹೊಡೆದು, ನೆರೆಯ ಸುದ್ದಿಯೇ ತಲುಪದ ಊರಿಗೆ ಕಳಿಸಿದರೆ? ಗೋಕಾಕದಲ್ಲಿ ಅದು ನಡೆಯುವುದಿಲ್ಲ, ಅಲ್ಲಿ ಮಕ್ಕಳೂ ಬೆಲ್ಟ್ ಜಗ್ಗಿ ನೋಡುತ್ತಾರೆ. ಕರಾವಳಿಯಲ್ಲಿ ನಾವು ಬಾಗಿಲ ಅಡಿ ತುಕ್ಕು ಹುಡುಕುತ್ತಾ ಕೂತಿರುತ್ತೇವೆ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ ಮುಳುಗಿದ್ದನ್ನೂ ಮರೆಯಬಾರದು. ಕಾಸರಗೋಡಿನ ಆಚೆಯಿಂದ ಅಗ್ಗಕ್ಕೆ ಬರುವ ಗಾಡಿಗೂ ಇದೇ ಪರೀಕ್ಷೆ ಬೇಕು.

ಮೇಸ್ತ್ರಿ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಹೊಸದು: "ಹಳೇ ಪಾಲಿಸಿ ಐತೇನ್ರಿ?" ವರ್ಷವಿಡೀ ಕ್ಲೇಮ್ ಮಾಡದ ಮಾಲೀಕನಿಗೆ ಮುಂದಿನ ಕಂತಿನಲ್ಲಿ ರಿಯಾಯಿತಿ ಸಿಗುತ್ತದೆ. ಮೊದಲ ವರ್ಷ ಶೇ. 20, ಏರುತ್ತಾ ಐದು ವರ್ಷಕ್ಕೆ ಶೇ. 50. ಒಬ್ಬನೇ ಮಾಲೀಕನ ಕಾಲದಲ್ಲಿ ಅದು ಏರುತ್ತಾ ಬಂದು ನೆರೆಯ ಮರುವರ್ಷ ಸೊನ್ನೆಗೆ ಬಿದ್ದಿದ್ದರೆ, ಏಕೆ ಎಂದು ಕೇಳಬೇಕು. ಅಪಘಾತವೂ ಆಗಿರಬಹುದು, ಆದರೆ ಕೇಳಬೇಕು. ನನ್ನ ಹತ್ತಿರ ಹಳೆಯ ಪಾಲಿಸಿಯ ಪ್ರತಿಯೇ ಇರಲಿಲ್ಲ. ಮಾರಿದವರು ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ.

ಅಲ್ಲಿಯ ಹುಡುಗನೊಬ್ಬ ಕೊಲ್ಹಾಪುರದಲ್ಲಿ ಅಗ್ಗದ ಕಾರು ನೋಡಿ ಬಂದು ಸಲಹೆ ಕೇಳುತ್ತಿದ್ದ. ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದರೆ ನಿಪ್ಪಾಣಿ ದಾಟಿ ಕೊಲ್ಹಾಪುರ, ದೂರವೇನಲ್ಲ. ಹೊರರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಕೆಎ-49 ನಂಬರು ಪಡೆಯಬೇಕು, ಆ ಲೆಕ್ಕ ಹಾಕಿ ಆಮೇಲೆ ಅಗ್ಗ ಅನ್ನು ಎಂದು ಎಲ್ಲರೂ ಸೇರಿ ಅವನನ್ನು ಗದರಿದರು. ಸಾಲವಿದ್ದ ಗಾಡಿಯಾದರೆ ಫಾರ್ಮ್ 35, ಮಾಲೀಕತ್ವ ಬದಲಿಸಲು 29 ಮತ್ತು 30. ಈ ಕಾಗದ ನಮ್ಮವರು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಭಾವನ ಗಾಡಿ, ಗೆಳೆಯನ ಗಾಡಿ, ಹೆಸರು ಆಮೇಲೆ ಬದಲಿಸಿದರಾಯಿತು ಎಂದು ವರ್ಷ ಕಳೆಯುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಹೇಳಿದೆ. ಗಾಡಿ ಮಾರಿ ಗಲ್ಫಿಗೆ ಹೋದವರು ಇದನ್ನೊಮ್ಮೆ ಯೋಚಿಸಲಿ.

ಅವರೂ ನನ್ನಲ್ಲಿ ಕೇಳಿದರು. ಸಮುದ್ರದ ಕಡೆಯ ಗಾಡಿ ತರಬಹುದಾ ಎಂದು. ನಾನು ಹೇಳಿದ್ದು: ಬಾಗಿಲ ಅಡಿಯ ಸಣ್ಣ ತೂತುಗಳಲ್ಲಿ ಎಲೆ ಕಸ ಕಟ್ಟಿದೆಯಾ ನೋಡಿ, ಮಳೆನೀರು ನಿಂತು ಒಳಗಿನಿಂದ ತಿನ್ನುವುದು ಅಲ್ಲೇ. ಕೆಳಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ಇಷ್ಟಾದರೂ ನಾನು ಅವರಿಗೆ ಕೊಡಲು ಸಾಧ್ಯವಾಯಿತಲ್ಲ ಎಂದು ಸಮಾಧಾನ.

ಮೂರು ದಿನ ಗಾಡಿ ಅಲ್ಲೇ ಇತ್ತು. ಮುಂದಿನ ವಯರಿಂಗ್ ಪೂರ್ತಿ ಬದಲಿಸಿದರು. ಮೂವತ್ತೆಂಟು ಸಾವಿರ ಆಯಿತು. ಏರ್‌ಬ್ಯಾಗ್ ಬಗ್ಗೆ ಮೇಸ್ತ್ರಿ ಏನೂ ಭರವಸೆ ಕೊಡಲಿಲ್ಲ. ಚಾವಿ ತಿರುಗಿಸಿದಾಗ ಆ ದೀಪ ಒಮ್ಮೆ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ನಮ್ಮದರಲ್ಲಿ ಅದು ಹೊತ್ತುವುದೇ ಇಲ್ಲ, ಯಾರೋ ಬೇಕೆಂದೇ ಬಿಚ್ಚಿಟ್ಟಿದ್ದಾರೆ. ಉಮ್ಮ ಮೊಮ್ಮಗಳ ಮಗುವನ್ನು ಎತ್ತಿಕೊಂಡು ಸಂತೋಷವಾಗಿದ್ದರು. ಹೊರಡುವಾಗ ಅಕ್ಕ ಎರಡು ಕಿಲೋ ಕರದಂಟು ಕಟ್ಟಿಕೊಟ್ಟಳು. ವಾಪಸು ಬರುವಾಗ ಹಗಲಿನಲ್ಲೇ ಘಟ್ಟ ಇಳಿದೆವು.

ಊರಿಗೆ ಬಂದ ಮೇಲೆ ತಮ್ಮ ಫೋನಿನಲ್ಲಿ, "ಇಚ್ಚಾ, ಅದು ಸರಿಯಾಗಿ ಓಡುವಾಗಲೇ ಮಾರಿಬಿಡು, ಹಾಕಿದ್ದಾದರೂ ಬರಲಿ" ಅಂದ. ಅವನದ್ದು ತಪ್ಪೆನ್ನಲಾರೆ, ಜುಬೈಲಿನ ಬಿಸಿಲಿನಲ್ಲಿ ದುಡಿದ ಹಣ. ಉಮ್ಮ ಪಕ್ಕದಲ್ಲೇ ಇದ್ದರು. ಮದರಸದಲ್ಲಿ ನಾವೆಲ್ಲ ಕೇಳಿದ ಆ ಧಾನ್ಯದ ರಾಶಿಯ ಪ್ರಸಂಗ ನೆನಪಿಸಿದರು, ಮೇಲೆ ಒಣಗಿದ್ದು, ಕೈ ಹಾಕಿದರೆ ಒಳಗೆ ಒದ್ದೆ. "ಹೇಳಿ ಮಾರು ಮೋನೇ" ಅಂದರು, ಅಷ್ಟೇ.

ಕಳೆದ ತಿಂಗಳು ವಿಟ್ಲದ ಕಡೆಯಿಂದ ಒಬ್ಬರು ನೋಡಲು ಬಂದರು. ಹೆಂಡತಿ, ಎರಡು ಮಕ್ಕಳು ಜೊತೆಗಿದ್ದರು. ಅವರು ಇಳಿದವರೇ ಬಗ್ಗಿ ಬಾಗಿಲ ಅಡಿ ಬೆರಳಾಡಿಸಿದರು. ತುಕ್ಕಿಲ್ಲ ಎಂದು ಮುಖ ಅರಳಿತು. ನಾನು ಹಿಂದಿನ ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿ ಆ ಕಪ್ಪು ಮಣ್ಣು ತೋರಿಸಿದೆ, ಬೆಲ್ಟ್ ಜಗ್ಗಿ ಗೆರೆ ತೋರಿಸಿದೆ. ಎರಡು ಲಕ್ಷ ಕೊಟ್ಟರೆ ಸಾಕು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಫೋನ್ ಮಾಡುತ್ತೇನೆ ಎಂದು ಹೋದರು. ಇನ್ನೂ ಮಾಡಿಲ್ಲ.